ಲಿನಕ್ಸ್‌ಗೆ ವೈರಸ್ ಬರಲ್ವಾ? ವಿಂಡೋಸ್‌ಗೇ ಯಾಕೆ ಅಷ್ಟೊಂದು?

ನಾನು ಸಾಫ್ಟ್‌ವೇರ್ ಕೆಲಸದಲ್ಲಿದ್ದೀನಿ ಅಂತ ಗೊತ್ತಾದ ಕೂಡಲೇ ಜನ ಕೇಳೋ ಪ್ರಶ್ನೆ ಒಂದಿದೆ: "ಲಿನಕ್ಸ್ ಹಾಕಿದ್ರೆ ವೈರಸ್ ಬರೋದೇ ಇಲ್ವಂತೆ, ಹೌದಾ?" ಪಕ್ಕದಲ್ಲಿರೋ ಯಾರಾದ್ರೂ ತಕ್ಷಣ ಉತ್ತರಾನೂ ಕೊಟ್ಟುಬಿಡ್ತಾರೆ: ವಿಂಡೋಸ್ ಬಳಸೋರು ಜಾಸ್ತಿ, ಅದಕ್ಕೇ ವೈರಸ್ ಬರೆಯೋರ ಕಣ್ಣು ಅದರ ಮೇಲೆ.

ಇದು ಸುಳ್ಳಲ್ಲ, ಆದರೆ ಅರ್ಧ ಉತ್ತರ. ಜಗತ್ತಿನ ಅತಿ ವೇಗದ 500 ಸೂಪರ್‌ಕಂಪ್ಯೂಟರ್‌ಗಳ ಪಟ್ಟಿಯಲ್ಲಿ 2017ರ ನವೆಂಬರ್‌ನಿಂದ ಲಿನಕ್ಸ್ ಬಿಟ್ಟು ಬೇರೆ ಏನೂ ಇಲ್ಲ. ನಾವು ದಿನಾ ತೆರೆಯೋ ವೆಬ್‌ಸೈಟ್‌ಗಳ ಸರ್ವರ್‌ಗಳಲ್ಲೂ ಹೆಚ್ಚಿನವು ಅದರ ಮೇಲೇ ಓಡುತ್ತವೆ. ಕಳ್ಳನಿಗೆ ಬೇಕಾದ ಮಾಲು ಅಲ್ಲೂ ಧಾರಾಳವಾಗಿದೆ. ಹಾಗಾಗಿ ಬಳಸೋರ ಸಂಖ್ಯೆಯ ಜೊತೆಗೆ ಇನ್ನೊಂದನ್ನ ನೋಡಬೇಕು: ಪೆಟ್ಟಿಗೆಯಿಂದ ತೆಗೆದ ದಿನ ಆ ಸಿಸ್ಟಮ್ ಯಾವುದಕ್ಕೆಲ್ಲ ಕೇಳದೇ "ಹೂಂ" ಅನ್ನುತ್ತೆ?

2000ದ ಮೇ ತಿಂಗಳಿಗೆ ಹೋಗೋಣ. ಫಿಲಿಪ್ಪೀನ್ಸ್‌ನಿಂದ ಹೊರಟ 'ಐ ಲವ್ ಯು' ಅನ್ನೋ ಇಮೇಲ್ ಕೆಲವೇ ದಿನಗಳಲ್ಲಿ ಲಕ್ಷಾಂತರ ಕಂಪ್ಯೂಟರ್‌ಗಳನ್ನ ಕೆಡಿಸಿತು. ಜೊತೆಗೆ ಬಂದ ಫೈಲ್ ನೋಡೋಕೆ ಪ್ರೇಮಪತ್ರ, ಹೆಸರಿನ ಕೊನೆಯಲ್ಲಿ 'ಟಿಎಕ್ಸ್‌ಟಿ'. ನಿಜವಾದ ಬಾಲ ಅದರ ಆಚೆ ಇತ್ತು, 'ವಿಬಿಎಸ್', ಅಂದರೆ ಓಡಿಸಬಹುದಾದ ಸ್ಕ್ರಿಪ್ಟ್. ವಿಂಡೋಸ್ ಆ ಕೊನೆಯ ಬಾಲವನ್ನ ತಾನೇ ಮರೆಮಾಡ್ತಿತ್ತು! ಡಬಲ್ ಕ್ಲಿಕ್ ಮಾಡಿದರೆ ಸಾಕು, ಸ್ಕ್ರಿಪ್ಟ್ ಓಡಿ ನಿಮ್ಮ ಫೋಟೋಗಳನ್ನ ಅಳಿಸಿ, ಔಟ್‌ಲುಕ್‌ನ ವಿಳಾಸಪಟ್ಟಿಯಲ್ಲಿದ್ದ ಎಲ್ಲರಿಗೂ ನಿಮ್ಮ ಹೆಸರಲ್ಲೇ ಪ್ರೇಮಪತ್ರ ಹೋಗ್ತಿತ್ತು.

ಇದೇ ಫೈಲ್ ಲಿನಕ್ಸ್‌ಗೆ ಬಂದಿದ್ದರೆ? ಅಲ್ಲಿ ಪ್ರತಿ ಫೈಲಿಗೂ ಓದುವ, ಬರೆಯುವ, ಓಡಿಸುವ ಮೂರು ಅನುಮತಿಗಳು ಬೇರೆ ಬೇರೆ. ಇಮೇಲ್‌ನಿಂದ ಇಳಿಸಿದ ಫೈಲಿಗೆ 'ಓಡಿಸುವ' ಅನುಮತಿ ತಾನಾಗಿ ಸಿಗಲ್ಲ, ನೀವೇ ಕೊಡಬೇಕು. ಸಣ್ಣ ಅಡ್ಡಿ ಅಷ್ಟೇ. ಆದರೆ ಇಂಥ ಸೋಂಕು ಹರಡೋದು ಅವಸರದ ಒಂದು ಕ್ಲಿಕ್ಕಿನಿಂದ, ಹಾಗಾಗಿ ಸಣ್ಣ ಅಡ್ಡಿಯೂ ಸರಪಳಿ ಕತ್ತರಿಸುತ್ತೆ.

ಎರಡನೇದು ಬೀಗದ ಕೈ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ, ಇನ್‌ಸ್ಟಾಲ್ ಮಾಡುವಾಗ ಮಾಡಿದ ಖಾತೆಗಳೆಲ್ಲ ಅಡ್ಮಿನಿಸ್ಟ್ರೇಟರ್ ಖಾತೆಗಳೇ. ಮಗು ಗೇಮ್ ಆಡಿದರೂ ಪೂರ್ತಿ ಅಧಿಕಾರದಲ್ಲೇ ಆಡ್ತಿತ್ತು. ಪಾತ್ರೆ ತೊಳೆಯೋಕೆ ಬಂದವರ ಕೈಗೆ ತಿಜೋರಿ ಬೀಗದ ಕೈನೂ ಕೊಟ್ಟ ಹಾಗೆ. ಯುನಿಕ್ಸ್ ಹುಟ್ಟಿದ್ದೇ ಒಂದು ಯಂತ್ರವನ್ನ ಹತ್ತಾರು ಜನ ಹಂಚಿಕೊಳ್ತಿದ್ದ ಕಾಲದಲ್ಲಿ. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕಬಾರದು ಅನ್ನೋ ಗೋಡೆ ಅದಕ್ಕೆ ಮೊದಲಿಂದಲೂ ಬೇಕಿತ್ತು. ಲಿನಕ್ಸೂ ಮ್ಯಾಕೂ ಆ ವಠಾರದಲ್ಲೇ ಬೆಳೆದವು. ವಿಂಡೋಸ್ ವಿಸ್ಟಾದಿಂದ ಆಚೆ ಮೈಕ್ರೋಸಾಫ್ಟ್ ಕೂಡ "ಅನುಮತಿ ಕೊಡಲಾ?" ಅಂತ ಕೇಳೋಕೆ ಶುರುಮಾಡಿತು. ಜನ ಬೈದರು, ಆದರೆ ಆ ಕಿರಿಕಿರಿ ಬೇಕಿತ್ತು ಅಂತಲೇ ನನ್ನ ಅಭಿಪ್ರಾಯ.

ಮೂರನೇದು, ಸಾಫ್ಟ್‌ವೇರ್ ಎಲ್ಲಿಂದ ಬರುತ್ತೆ ಅನ್ನೋದು. ಉಬುಂಟು ಬಳಸೋರು ಹೆಚ್ಚಾಗಿ ಡಿಜಿಟಲ್ ಸಹಿ ಇರೋ ಒಂದೇ ಭಂಡಾರದಿಂದ ತರ್ತಾರೆ. ವಿಂಡೋಸ್‌ನಲ್ಲಿ ನಾವು "ಫ್ರೀ ಡೌನ್‌ಲೋಡ್" ಅಂತ ಹುಡುಕಿ ಸಿಕ್ಕ ಕಡೆಯಿಂದ ಇಳಿಸ್ತೀವಿ, ಕ್ರ್ಯಾಕ್ ಮಾಡಿದ ಸಾಫ್ಟ್‌ವೇರನ್ನೂ ಸೇರಿಸಿ. ಭಂಡಾರವೂ ಪೂರ್ತಿ ಭದ್ರ ಅಂತಲ್ಲ. 2024ರ ಮಾರ್ಚ್‌ನಲ್ಲಿ 'ಎಕ್ಸ್‌ಝಡ್' ಅನ್ನೋ ಲೈಬ್ರರಿಗೆ ಯಾರೋ ಕಳ್ಳಬಾಗಿಲು ಇಟ್ಟಿದ್ದು ಬಯಲಾಯಿತು. ರಿಮೋಟ್ ಲಾಗಿನ್ ಅರ್ಧ ಸೆಕೆಂಡ್ ತಡ ಆಗ್ತಿದೆ ಅಂತ ಬೆನ್ನುಹತ್ತಿ ಹಿಡಿದದ್ದು ಆಂಡ್ರೆಸ್ ಫ್ರಾಯಿಂಡ್ ಅನ್ನೋ ಎಂಜಿನಿಯರ್, ಅವರೂ ಮೈಕ್ರೋಸಾಫ್ಟ್‌ನವರೇ. ಅರ್ಧ ಸೆಕೆಂಡಿಗೆ ತಲೆ ಕೆಡಿಸಿಕೊಳ್ಳೋ ಜನ ನಮ್ಮ ಟೀಮಲ್ಲೂ ಇರಬೇಕು ಅಂತ ಅವತ್ತು ಅನ್ನಿಸಿತು.

ಇನ್ನು ಅಪ್‌ಡೇಟ್. 2017ರ ಮೇ 12ರಂದು ಹರಡಿದ ವಾನ್ನಾಕ್ರೈಗೆ ಕ್ಲಿಕ್ ಕೂಡ ಬೇಕಿರಲಿಲ್ಲ, ನೆಟ್‌ವರ್ಕ್‌ನಲ್ಲಿ ತಾನೇ ಹರಿಯಿತು. ಅದಕ್ಕೆ ಬೇಕಾದ ಪ್ಯಾಚ್ ಮಾರ್ಚ್‌ನಲ್ಲೇ ಬಂದಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಮ್ಯಾಕ್‌ನವರೂ ನಗೋ ಹಾಗಿಲ್ಲ: 2012ರಲ್ಲಿ ಜಾವಾದ ಒಂದು ತೂತಿನಿಂದ 'ಫ್ಲ್ಯಾಶ್‌ಬ್ಯಾಕ್' ಸುಮಾರು 6 ಲಕ್ಷ ಮ್ಯಾಕ್‌ಗಳಿಗೆ ನುಗ್ಗಿತ್ತು. ಲಿನಕ್ಸ್ ಕೂಡ ಅಷ್ಟೇ. 2016ರ 'ಮಿರಾಯ್' ಹಿಡಿದದ್ದು ಲಿನಕ್ಸ್ ಇದ್ದ ಸಿಸಿಟಿವಿ ಕ್ಯಾಮೆರಾ, ರೌಟರ್‌ಗಳನ್ನ. ಕಾರ್ಖಾನೆಯಲ್ಲಿ ಇಟ್ಟ ಪಾಸ್‌ವರ್ಡ್‌ ಯಾರೂ ಬದಲಾಯಿಸಿರಲಿಲ್ಲ. ಸುಮಾರು 60 ಯೂಸರ್‌ನೇಮ್-ಪಾಸ್‌ವರ್ಡ್ ಜೋಡಿಗಳ ಪಟ್ಟಿಯೇ ಅದರ ಆಯುಧ.

ಇಷ್ಟೆಲ್ಲ ಹೇಳೋಕೆ ಕಾರಣ ನಮ್ಮ ಕೈಯಲ್ಲಿರೋ ಆಂಡ್ರಾಯ್ಡ್ ಫೋನ್. ಅದರ ಒಳಗಿರೋದೂ ಲಿನಕ್ಸ್ ಕರ್ನಲ್ಲೇ, ಒಂದೊಂದು ಆ್ಯಪ್‌ಗೂ ಬೇರೆ ಕೋಣೆ, ಬೇರೆ ಬೀಗ. ಆದರೂ ಮದುವೆ ಕರೆಯೋಲೆ, ಟ್ರಾಫಿಕ್ ಚಲನ್ ಅಂತ ವಾಟ್ಸ್‌ಆ್ಯಪ್‌ನಲ್ಲಿ ಬರೋ 'ಎಪಿಕೆ' ಫೈಲ್‌ಗಳಿಂದ ಜನ ದುಡ್ಡು ಕಳ್ಕೊಳ್ತಿದ್ದಾರೆ. ಸಿಸ್ಟಮ್ ಪ್ರತಿ ಹೆಜ್ಜೆಗೂ ಕೇಳುತ್ತೆ: ಹೊರಗಿನ ಆ್ಯಪ್ ಹಾಕಲಾ? ಎಸ್ಎಂಎಸ್ ಓದೋಕೆ ಬಿಡಲಾ? ಕರೆಯೋಲೆ ನೋಡೋ ಅವಸರದಲ್ಲಿ ಎಲ್ಲಕ್ಕೂ "ಅಲೋ" ಒತ್ತಿದರೆ ಒಟಿಪಿ ನೇರ ಕಳ್ಳನ ಕೈಗೆ. ಪ್ರೇಮಪತ್ರದ ಜಾಗಕ್ಕೆ ಲಗ್ನಪತ್ರಿಕೆ ಬಂದಿದೆ, ನೋಡಿ.

ನಮ್ಮಲ್ಲಿ ಬಹಳ ಜನ ಮುಂಬೈ, ಪುಣೆ, ಚೆನ್ನೈನಲ್ಲಿ ಕೂತು ಊರಲ್ಲಿರೋ ಅಪ್ಪ ಅಮ್ಮನ ಫೋನಿಗೆ ದೂರದಿಂದಲೇ ರಿಪೇರಿ ಹೇಳೋರು. ಈ ಭಾನುವಾರ ಫೋನ್ ಮಾಡಿದಾಗ ಸೆಟ್ಟಿಂಗ್ಸ್‌ನಲ್ಲಿ 'ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್' ಅಂತ ಹುಡುಕೋಕೆ ಹೇಳಿ. ಅಲ್ಲಿ ವಾಟ್ಸ್‌ಆ್ಯಪ್, ಕ್ರೋಮ್, ಫೈಲ್ ಮ್ಯಾನೇಜರ್ ಮೂರಕ್ಕೂ ಅನುಮತಿ ಆಫ್ ಇದೆಯಾ ನೋಡಿಸಿ. ದುಡ್ಡು ಆಗಲೇ ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.