ಮೀಟರು ಸೊನ್ನೆಯಲ್ಲೇ ನಿಂತಾಗ

ಮಳೆಗಾಲದ ಒಂದು ಭಾನುವಾರ. ಬಲಿಪೂಜೆ ಮುಗಿಸಿ ಚರ್ಚಿನಿಂದ ಹೊರಗೆ ಬರುವಾಗ ಮಗ ಹೇಳಿದ: "ಡ್ಯಾಡಿ, ಬೈಕಿನ ಮೀಟರು ಕೆಟ್ಟಿದೆ. ಎಷ್ಟು ಓಡಿಸಿದರೂ ಸೊನ್ನೆಯೇ ತೋರಿಸ್ತದೆ." ಎರಡು ದಿನ ಅದೇ ಬೈಕಿನಲ್ಲಿ ಮಂಜೇಶ್ವರದಿಂದ ಮಂಗಳೂರಿಗೆ ಕಾಲೇಜಿಗೆ ಹೋಗಿ ಬಂದಿದ್ದ. ಎಷ್ಟು ವೇಗದಲ್ಲಿ ಹೋಗಿದ್ದೆ ಎಂದು ಕೇಳಿದೆ. "ಅಂದಾಜು ಐವತ್ತು ಇರಬಹುದು" ಎಂದ. ಆ 'ಅಂದಾಜು' ನನಗೆ ಹೆದರಿಕೆ ತಂದಿತು. ನುಣುಪಾದ ಅಗಲ ರಸ್ತೆಯಲ್ಲಿ ಎಪ್ಪತ್ತು ಕೂಡ ಐವತ್ತರಂತೆಯೇ ಅನಿಸುತ್ತದೆ.

ಗ್ಯಾರೇಜಿಗೆ ಹೋದರೆ, ಬೈಕನ್ನು ಸರಿಯಾಗಿ ನೋಡುವ ಮೊದಲೇ, "ಪೂರ್ತಿ ಮೀಟರ್ ಬದಲಿಸಬೇಕು, ಕೆಲವು ಸಾವಿರ ಆಗುತ್ತದೆ" ಎಂದರು. ಅಲ್ಲೇ ಇದ್ದ ಪರಿಚಯದವರೊಬ್ಬರು ಇನ್ನೊಂದು ಉಪಾಯ ಹೇಳಿಕೊಟ್ಟರು: "ರಿಪೇರಿ ಯಾಕೆ? ಹಾಗೇ ಇರಲಿ. ಕಿಲೋಮೀಟರ್ ಏರುವುದಿಲ್ಲ, ಮಾರುವಾಗ ಒಳ್ಳೆಯ ಬೆಲೆ ಸಿಗುತ್ತದೆ." ಮಗ ನನ್ನ ಮುಖ ನೋಡಿದ. ನಾನು ಏನೂ ಹೇಳದೆ ಬೈಕನ್ನು ಮನೆಗೆ ತಂದೆ.

ಮೀಟರಿಗೆ ವೇಗ ತಿಳಿಯುವುದು ಹೇಗೆ?

ಹಿಂದಿನ ಬೈಕುಗಳಲ್ಲಿ ಚಕ್ರದಿಂದ ಮೀಟರಿನವರೆಗೆ ತಿರುಗುವ ಕೇಬಲ್ ಇರುತ್ತಿತ್ತು. ಎಲೆಕ್ಟ್ರಾನಿಕ್ ಮೀಟರಿನಲ್ಲಿ ಆ ಕೆಲಸ ಸೆನ್ಸರಿನದು. ಅದು ಕೆಲವು ಬೈಕುಗಳಲ್ಲಿ ಮುಂದಿನ ಚಕ್ರದ ಬಳಿ, ಕೆಲವುಗಳಲ್ಲಿ ಗೇರ್ ಬಾಕ್ಸಿನ ಬಳಿ ಇರುತ್ತದೆ. ಚಕ್ರ ತಿರುಗಿದಂತೆ ಸೆನ್ಸರು ಮೀಟರಿಗೆ ಸಣ್ಣ ವಿದ್ಯುತ್ ಸಂಕೇತಗಳನ್ನು ಕಳುಹಿಸುತ್ತದೆ, ಮೀಟರು ಅವನ್ನು ಎಣಿಸಿ ವೇಗ ಮತ್ತು ದೂರವನ್ನು ಲೆಕ್ಕ ಹಾಕುತ್ತದೆ. ಸಾಮಾನ್ಯ 17 ಇಂಚಿನ ಚಕ್ರದ ಸುತ್ತಳತೆ ಸುಮಾರು 1.9 ಮೀಟರ್. ಗಂಟೆಗೆ 60 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ ಎಂಟು ಒಂಬತ್ತು ಸುತ್ತು ತಿರುಗುತ್ತದೆ. ಸೆನ್ಸರಿನಿಂದ ಸುದ್ದಿ ಬಾರದಿದ್ದರೆ ಮೀಟರು ಎಷ್ಟೇ ಚೆನ್ನಾಗಿದ್ದರೂ ಸೊನ್ನೆಯನ್ನೇ ತೋರಿಸುತ್ತದೆ.

ಮೊದಲು ಲಕ್ಷಣ ನೋಡಿ

* ಮೀಟರಿನಲ್ಲಿ ಬೆಳಕೇ ಇಲ್ಲವೇ? ಬ್ಯಾಟರಿ, ಫ್ಯೂಸ್ ಮತ್ತು ಮೀಟರಿನ ಹಿಂದಿನ ಪ್ಲಗ್ ನೋಡಿ.
* ಬೆಳಕು, ಪೆಟ್ರೋಲಿನ ಅಳತೆ ಸರಿಯಿದ್ದು ವೇಗ ಮತ್ತು ಕಿಲೋಮೀಟರ್ ಮಾತ್ರ ನಿಂತಿದೆಯೇ? ದೋಷ ಹೆಚ್ಚಾಗಿ ಸೆನ್ಸರ್ ಅಥವಾ ಅದರ ವಯರಿನಲ್ಲಿ.
* ಅಂಕಿಗಳು ಹಾರಾಡುತ್ತವೆಯೇ? ಪ್ಲಗ್ ಸಡಿಲವಾಗಿರಬಹುದು, ನೀರು ಸೇರಿರಬಹುದು, ವಯರ್ ಒಳಗೆ ತುಂಡಾಗಿರಬಹುದು.
* ಎಬಿಎಸ್ ಇರುವ ಬೈಕಿನಲ್ಲಿ ಅದರ ಎಚ್ಚರಿಕೆ ದೀಪವೂ ಆರದೆ ಉರಿಯುತ್ತಿದೆಯೇ? ಅದು ಬ್ರೇಕಿನ ವಿಷಯ. ತಡಮಾಡದೆ ತಿಳಿದವರಿಗೆ ತೋರಿಸಿ.

ನಮ್ಮ ಬೈಕಿನದು ಎರಡನೆಯ ಲಕ್ಷಣ. "ಇದು ನಿಲ್ಲುವ ಮುಂಚೆ ಬೈಕಿಗೆ ಏನು ಕೆಲಸ ಮಾಡಿಸಿದ್ದೆ?" ಎಂದು ಕೇಳಿದೆ. "ಮುಂದಿನ ಚಕ್ರದ ಪಂಚರ್" ಎಂದ. ಸುಳಿವು ಸಿಕ್ಕಿತು! ಚಕ್ರ ಬಿಚ್ಚಿ ನೋಡಿದರೆ, ಸೆನ್ಸರಿನ ಕೊಂಡಿಗಳು ಚಕ್ರದ ಹಬ್ಬಿನ ಕಚ್ಚುಗಳಲ್ಲಿ ಕೂತಿರಲಿಲ್ಲ. ಪುಣ್ಯಕ್ಕೆ ಮುರಿದಿರಲಿಲ್ಲ. ಕೆಸರು ಒರೆಸಿ, ಸರಿಯಾಗಿ ಕೂರಿಸಿ, ಆಕ್ಸಲ್ ಬಿಗಿ ಮಾಡಿ, ಬ್ರೇಕ್ ಹಿಡಿದು ನೋಡಿ ಓಡಿಸಿದೆವು. ಅಂಕಿಗಳು ಏರಿದವು. ಖರ್ಚು ಏನೂ ಇಲ್ಲ. ಚಕ್ರ ಬಿಚ್ಚುವ ಅಭ್ಯಾಸ ಇಲ್ಲದವರು ಮೆಕ್ಯಾನಿಕರ ಕೈಯಲ್ಲೇ ಮಾಡಿಸಲಿ, ಆದರೆ ಪಂಚರಿನ ವಿಷಯ ಅವರಿಗೆ ಹೇಳಲು ಮರೆಯಬಾರದು.

ಅಷ್ಟರಲ್ಲಿ ಸರಿಯಾಗದಿದ್ದರೆ

ಇಗ್ನಿಷನ್ ಆಫ್ ಮಾಡಿ ಸೆನ್ಸರಿನ ಪ್ಲಗ್ ಬಿಚ್ಚಿ. ಪಿನ್ನಿನಲ್ಲಿ ಹಸಿರು ಕಿಲುಬು ಇದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಒಣಗಿಸಿ. ವಯರನ್ನು ಉದ್ದಕ್ಕೂ ನೋಡಿ. ಹ್ಯಾಂಡಲ್ ತಿರುಗುವ ಜಾಗದಲ್ಲಿ ಅದು ಸವೆಯುತ್ತದೆ, ಕೊಟ್ಟಿಗೆಯಲ್ಲಿ ನಿಲ್ಲಿಸುವವರ ಬೈಕಿನಲ್ಲಿ ಇಲಿಯೂ ಕಡಿಯುತ್ತದೆ. ಮೂರು ವಯರಿನ ಸೆನ್ಸರಾದರೆ ಮಲ್ಟಿಮೀಟರ್ ಇದ್ದವರು ಇನ್ನೊಂದು ಪರೀಕ್ಷೆ ಮಾಡಬಹುದು. ಪ್ಲಗ್ ಮತ್ತೆ ಜೋಡಿಸಿ, ಇಗ್ನಿಷನ್ ಆನ್ ಮಾಡಿ, ಚಕ್ರವನ್ನು ಕೈಯಿಂದ ನಿಧಾನ ತಿರುಗಿಸಿದಾಗ ಸಂಕೇತದ ವಯರಿನ ವೋಲ್ಟೇಜ್ ಏರಿಳಿಯಬೇಕು. ಸೆನ್ಸರಿಗೆ ಕರೆಂಟ್ ಬಂದೂ ಏರಿಳಿಯದಿದ್ದರೆ ಸೆನ್ಸರೇ ಹೋಗಿರಬಹುದು. ಏರಿಳಿತವು ಮೀಟರಿನ ಪ್ಲಗ್ಗಿನವರೆಗೂ ಬಂದು ಅಂಕಿ ಬಾರದಿದ್ದರೆ ಮಾತ್ರ ಮೀಟರಿನ ಮೇಲೆ ಸಂಶಯ. ಎಂಜಿನ್ ಓಡುತ್ತಿರುವಾಗ ಚೈನಿನ ಹತ್ತಿರ ಕೈ ಹಾಕಲೇಬೇಡಿ, ಬೆರಳು ಹೋಗುತ್ತದೆ. ಬೈಕ್ ತೊಳೆಯುವಾಗ ಮೀಟರಿಗೆ, ಪ್ಲಗ್ಗುಗಳಿಗೆ ಜೋರು ನೀರು ಹೊಡೆಯಬೇಡಿ.

ಮೀಟರೇ ಬದಲಿಸಬೇಕಾದರೆ ಹಳೆಯ ಕಿಲೋಮೀಟರನ್ನು ಬಿಲ್ಲಿನಲ್ಲಿ ಮತ್ತು ಸರ್ವಿಸ್ ಪುಸ್ತಕದಲ್ಲಿ ಬರೆಸಿ.

ಮತ್ತೆ ಆ ಉಪಾಯ

ರಾತ್ರಿ ಜಪಸರ ಮುಗಿದ ಮೇಲೆ ಮಗ ಕೇಳಿದ: "ಡ್ಯಾಡಿ, ಅವರು ಹೇಳಿದ ಹಾಗೆ ಬಿಟ್ಟಿದ್ದರೆ ಏನು ತಪ್ಪಾಗ್ತಿತ್ತು?" ನಾನು ಹೇಳಿದೆ: "ನಾವು ಮಾರುವ ಬೈಕನ್ನು ಯಾರೋ ಬಡವನ ಮಗ ಕೊಳ್ಳುತ್ತಾನೆ. ಮೀಟರು ನೋಡಿ, ಕಡಿಮೆ ಓಡಿದೆ ಎಂದು ನಂಬಿ ಹಣ ಕೊಡುತ್ತಾನೆ. ಸವೆದ ಚೈನು, ಸವೆದ ಬ್ರೇಕು ಅವನ ಪಾಲಿಗೆ. ಬಾಯಿಂದ ಸುಳ್ಳು ಹೇಳದಿದ್ದರೂ ಮೀಟರಿನ ಬಾಯಿಂದ ಹೇಳಿಸಿದಂತಾಯಿತು."

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಮತ್ತೆ ಮೆಲ್ಲನೆ, "ಆ ಎರಡು ದಿನ ನಾನು ಐವತ್ತರಲ್ಲಿ ಹೋಗಿರಲಿಲ್ಲ ಡ್ಯಾಡಿ" ಎಂದ.

ನನಗೆ ಬೈಯಲು ಮನಸ್ಸು ಬರಲಿಲ್ಲ. ಪ್ರಿಯ ತಂದೆ ತಾಯಂದಿರೇ, ನಮ್ಮೊಳಗೂ ದೇವರು ಇಟ್ಟ ಒಂದು ಮೀಟರು ಇದೆ, ಮನಸ್ಸಾಕ್ಷಿ. ಅದು ಸೊನ್ನೆ ತೋರಿಸಿದರೆ ನಾವು ನಿಂತಿದ್ದೇವೆ ಎಂದು ಅರ್ಥವಲ್ಲ, ಎಲ್ಲೋ ಸಂಬಂಧ ತಪ್ಪಿದೆ ಎಂದರ್ಥ. ಪ್ರತಿ ರಾತ್ರಿಯ ಆತ್ಮಶೋಧನೆಯಲ್ಲಿ ಅದನ್ನೂ ಒಮ್ಮೆ ನೋಡಿಕೊಳ್ಳೋಣ. ಮಕ್ಕಳು ನಾಳೆ ಬೈಕ್ ಏರುವ ಮುಂಚೆ, ಹೆಲ್ಮೆಟ್ ಜೊತೆಗೆ ಮೀಟರನ್ನೂ ಒಮ್ಮೆ ನೋಡಲಿ.