ಬೆನ್ನು ತಿರುಗಿಸಿ ಕೂತ ಕೂಸು

ಬಳ್ಳಿಗಾವಿಯ ಕೇದಾರೇಶ್ವರ ದೇವಸ್ಥಾನದ ಎದುರು ಕಾರು ನಿಂತು ಹಿಂದಿನ ಬಾಗಿಲು ತೆರೆದಾಗ ನಮ್ಮ ದೊಡ್ಡಮ್ಮ ಪ್ರಯಾಣ ಹೇಗಾಯಿತು ಎಂದು ಕೇಳಲಿಲ್ಲ. ಒಳಗೆ ಬಗ್ಗಿ ನೋಡಿ, "ಅಯ್ಯೋ, ಕೂಸನ್ನ ಯಾಕೆ ಹಿಂದುಮುಂದಾಗಿ ಕೂರ್ಸೀರಿ? ಏನ್ ತಪ್ಪು ಮಾಡ್ತು ಅದು?" ಅಂದಳು.

ಬೆಂಗಳೂರಿನಿಂದ ಬಂದಿದ್ದ ತಂಗಿಯ ಮಗಳು ನಕ್ಕಳು. ಎಂಟು ತಿಂಗಳ ಕೂಸು ಹಿಂದಿನ ಸೀಟಿನಲ್ಲಿ ತೊಟ್ಟಿಯಂಥ ಪುಟ್ಟ ಆಸನದೊಳಗೆ, ಡ್ರೈವರಿಗೆ ಬೆನ್ನು ಮಾಡಿ, ಹಿಂದಿನ ಗಾಜು ನೋಡುತ್ತಾ ಕೂತಿತ್ತು. ಎರಡು ಭುಜದ ಮೇಲಿಂದ ಎರಡು, ಸೊಂಟದಿಂದ ಎರಡು, ಕಾಲ ಸಂದಿಯಿಂದ ಒಂದು, ಹೀಗೆ ಐದು ಕಡೆಯಿಂದ ಪಟ್ಟಿ ಬಂದು ಎದೆಯ ಕೆಳಗೆ ಸೇರಿದ್ದವು. ದೊಡ್ಡಮ್ಮನಿಗೆ ಅದು ಶಿಕ್ಷೆಯಂತೆಯೇ ಕಂಡಿರಬೇಕು. ಮಡಿಲು ಇರುವಾಗ ಕಟ್ಟಿಹಾಕುವುದು ಯಾಕೆ, ಅದೂ ತಾಯಿಯ ಮುಖ ಕಾಣದ ಹಾಗೆ?

ಆಕೆಯ ಪ್ರಶ್ನೆ ದಡ್ಡ ಪ್ರಶ್ನೆಯಲ್ಲ. ಕಾರು ಮಾಡುವವರಿಗೇ ಅದರ ಉತ್ತರ ಹೊಳೆಯಲು ದಶಕಗಳು ಹಿಡಿದವು.

ಮಕ್ಕಳ ಸೀಟು ಮೊದಲು ಹುಟ್ಟಿದ್ದು ಮಕ್ಕಳನ್ನು ಕಾಯುವುದಕ್ಕಲ್ಲ. 1933ರಲ್ಲಿ ಅಮೆರಿಕದ ಬನ್ನಿ ಬೇರ್ ಎಂಬ ಕಂಪನಿ ಮಾಡಿದ ಸೀಟಿನ ಉದ್ದೇಶ ಮಗುವನ್ನು ಎತ್ತರಕ್ಕೆ ಕೂರಿಸುವುದು, ಓಡಿಸುವ ಅಪ್ಪ ಅಮ್ಮನ ಕಣ್ಣಿಗೆ ಕಾಣುವಂತೆ ಇರಿಸುವುದು, ಅಷ್ಟೆ. ಮಗು ಎದ್ದು ಓಡಾಡದೆ ಸುಮ್ಮನೆ ಕೂತರೆ ಸಾಕು ಎಂಬ ಲೆಕ್ಕ. ಡಿಕ್ಕಿಯಾದರೆ ಏನು ಎಂಬ ಯೋಚನೆ ಅದರಲ್ಲಿ ಇರಲಿಲ್ಲ.

ಆ ಯೋಚನೆ ಬಂದದ್ದು ವಿಮಾನದವರಿಗೆ. ಅಮೆರಿಕದ ವಾಯುಪಡೆಯ ವೈದ್ಯ ಜಾನ್ ಪಾಲ್ ಸ್ಟ್ಯಾಪ್ 1947ರ ಕೊನೆಯಿಂದ ಮರುಭೂಮಿಯ ಹಳಿಯೊಂದರ ಮೇಲೆ ಓಡುವ, ರಾಕೆಟ್ ಕಟ್ಟಿದ ಬಂಡಿಯಲ್ಲಿ ತಾನೇ ಕೂತು, ಹಠಾತ್ತಾಗಿ ನಿಂತರೆ ಮನುಷ್ಯನ ದೇಹ ಎಷ್ಟು ತಾಳುತ್ತದೆ ಎಂದು ನೋಡತೊಡಗಿದ. ಮೊದಮೊದಲು ಕೂತದ್ದು ಹೋಗುವ ದಿಕ್ಕಿಗೆ ಬೆನ್ನು ಹಾಕಿ. ಹಾಗೆ ಕೂತಾಗ ಏಟು ಇಡೀ ಬೆನ್ನಿಗೆ ಹರಡುತ್ತದೆ, ದೇಹ ಹೆಚ್ಚು ತಡೆಯುತ್ತದೆ ಎಂಬುದು ಆತನ ಅನುಭವಕ್ಕೇ ಬಂತು. ವಿಮಾನಗಳಲ್ಲಿ ಪ್ರಯಾಣಿಕರನ್ನು ಹಿಮ್ಮುಖವಾಗಿ ಕೂರಿಸಿ ಎಂದು ಹೇಳಿದ. ಕೇಳಿದವರು ಕಡಿಮೆ. ಮುಂದೆ 1954ರ ಡಿಸೆಂಬರಿನಲ್ಲಿ ಮುಂದಕ್ಕೆ ಮುಖ ಮಾಡಿ ಗಂಟೆಗೆ 1000 ಕಿ.ಮೀ. ಮೀರಿದ ವೇಗದಲ್ಲಿ ಹೋಗಿ, ಒಂದೂವರೆ ಸೆಕೆಂಡಿನೊಳಗೆ ನಿಂತಾಗ ಅವನ ಕಣ್ಣುಗಳಲ್ಲಿ ರಕ್ತ ತುಂಬಿ ಕೆಲ ಹೊತ್ತು ಏನೂ ಕಾಣಲಿಲ್ಲ.

1959ರಲ್ಲಿ ಸ್ವೀಡನ್ನಿನ ವೋಲ್ವೋ ಕಾರಿನಲ್ಲಿ ಈಗ ನಾವೆಲ್ಲ ಹಾಕಿಕೊಳ್ಳುವ ಮೂರು ಬಿಂದುವಿನ ಬೆಲ್ಟ್ ಬಂತು. ಅದನ್ನು ರೂಪಿಸಿದ ನಿಲ್ಸ್ ಬೋಲಿನ್ ಅದಕ್ಕೆ ಮೊದಲು ವಿಮಾನದಿಂದ ಪೈಲಟ್‌ನನ್ನು ಚಿಮ್ಮಿಸುವ ಆಸನ ಮಾಡುತ್ತಿದ್ದವನು. ದೊಡ್ಡವರಿಗೆ ಆ ಪಟ್ಟಿ ಭುಜದ ಮೂಳೆ, ಸೊಂಟದ ಮೂಳೆಗಳ ಮೇಲೆ ಕೂರುತ್ತದೆ. ಪುಟ್ಟ ಮಗುವಿಗೆ ಹಾಕಿದರೆ ಕುತ್ತಿಗೆಗೂ ಹೊಟ್ಟೆಗೂ ಬರುತ್ತದೆ. ಅಂದರೆ ದೊಡ್ಡವರ ರಕ್ಷೆ ಮಗುವಿಗೆ ಉರುಳು.

1960ರ ದಶಕದ ಆರಂಭದಲ್ಲಿ ಹಲವರ ತಲೆಗೆ ಒಟ್ಟೊಟ್ಟಿಗೇ ಈ ಹುಳ ಹೊಕ್ಕಿತು. ಬ್ರಿಟನ್ನಿನ ಜೀನ್ ಏಮ್ಸ್ ಒಂದು ಸೀಟು ಮಾಡಿದಳು, ಅಮೆರಿಕದ ಡೆನ್ವರಿನ ಲೆನಾರ್ಡ್ ರಿವ್ಕಿನ್ ಲೋಹದ ಚೌಕಟ್ಟಿನ ಇನ್ನೊಂದನ್ನು ಮಾಡಿದ. ಆದರೆ ದೊಡ್ಡಮ್ಮನ ಪ್ರಶ್ನೆಗೆ ನೇರ ಉತ್ತರ ಇರುವುದು ಸ್ವೀಡನ್ನಿನ ವೈದ್ಯ ಬರ್ಟಿಲ್ ಆಲ್ಡ್‌ಮನ್ ಹತ್ತಿರ.

ಗಗನಯಾತ್ರಿಗಳ ಜೆಮಿನಿ ನೌಕೆಯ ಬಗ್ಗೆ ಟಿವಿಯಲ್ಲಿ ಬಂದ ಒಂದು ಕಾರ್ಯಕ್ರಮವನ್ನು ಆತ ನೋಡುತ್ತಿದ್ದನಂತೆ. ರಾಕೆಟ್ ಮೇಲೇಳುವಾಗ ಯಾತ್ರಿಗಳು ಕೂತಿರುವುದಿಲ್ಲ, ಮೈಗೆ ತಕ್ಕ ಆಸನದಲ್ಲಿ ಅಂಗಾತ ಒರಗಿರುತ್ತಾರೆ. ಒತ್ತಡ ಎದೆಯಿಂದ ಬೆನ್ನಿನ ಕಡೆಗೆ ಬರುತ್ತದೆ, ಆಸನ ಇಡೀ ಬೆನ್ನನ್ನು ಹಿಡಿದುಕೊಳ್ಳುತ್ತದೆ. ಎದುರಿನಿಂದ ಡಿಕ್ಕಿಯಾದ ಕಾರಿನಲ್ಲಿ ಮಗುವಿಗೆ ಇದೇ ಆಗಬೇಕಲ್ಲವೇ? ಹಾಗಾದರೆ ಮಗುವನ್ನು ತಿರುಗಿಸಿಬಿಟ್ಟರೆ? 1964ರಲ್ಲಿ ಮೊದಲ ಮಾದರಿಯನ್ನು ವೋಲ್ವೋ ಕಾರೊಂದರಲ್ಲಿ ಪರೀಕ್ಷಿಸಿದರು. ಜೆಮಿನಿ ಇನ್ನೂ ಮನುಷ್ಯರನ್ನು ಹೊತ್ತು ಹಾರಿರಲಿಲ್ಲ. ಗಗನಯಾತ್ರಿಗಳಿಗೆಂದು ಹುಡುಕಿದ ಆಸನ ತೊಟ್ಟಿಲ ಕೂಸಿನ ಪಾಲಿಗೂ ಬಂತು ಎಂದು ನನಗೊಂದು ಖುಷಿ. 1972ರಲ್ಲಿ ವೋಲ್ವೋ ಹಿಮ್ಮುಖದ ಮಕ್ಕಳ ಸೀಟನ್ನು ಮಾರಾಟಕ್ಕೇ ತಂದಿತು. ಸ್ವೀಡನ್ನಿನವರು ಮಕ್ಕಳನ್ನು ನಾಲ್ಕು ವರ್ಷದ ತನಕ ಹೀಗೇ ಕೂರಿಸುವುದನ್ನು ರೂಢಿ ಮಾಡಿಕೊಂಡಿದ್ದಾರೆ.

ಆಲ್ಡ್‌ಮನ್ ವೈದ್ಯನಾಗಿದ್ದರಿಂದ ಮಗುವಿನ ಮೈ ಅವನಿಗೆ ಗೊತ್ತಿತ್ತು. ಹುಟ್ಟಿದ ಕೂಸಿನ ಉದ್ದದಲ್ಲಿ ಕಾಲು ಭಾಗ ತಲೆಯೇ. ಆ ಭಾರ ಹೊರುವ ಕುತ್ತಿಗೆಯ ಮೂಳೆಗಳು ಇನ್ನೂ ಪೂರ್ತಿ ಮೂಳೆಯಾಗಿರುವುದಿಲ್ಲ, ಮೃದ್ವಸ್ಥಿಯಿಂದ ಬೆಸೆದ ತುಂಡುಗಳು. ಅವು ಕೂಡಿ ಗಟ್ಟಿಯಾಗುವುದು ಮೂರರಿಂದ ಆರು ವರ್ಷದ ನಡುವೆ. ಮುಂದಕ್ಕೆ ಮುಖ ಮಾಡಿದ ಕೂಸಿನ ಮೈಯನ್ನು ಪಟ್ಟಿ ಹಿಡಿದರೂ ತಲೆ ಮುಂದಕ್ಕೆ ಹಾರುತ್ತದೆ, ಅಷ್ಟೂ ಎಳೆತ ಆ ಎಳೆ ಕುತ್ತಿಗೆಗೆ. ತಿರುಗಿ ಕೂತರೆ ತಲೆ, ಕುತ್ತಿಗೆ, ಬೆನ್ನು ಮೂರೂ ಒಟ್ಟಿಗೆ ಸೀಟಿನ ಚಿಪ್ಪಿಗೆ ಒರಗುತ್ತವೆ. ನಾಲ್ಕು ಮಾತಿನಲ್ಲಿ ಮುಗಿಯುವ ವಿಷಯ, ಹೊಳೆಯುವುದಷ್ಟೇ ತಡವಾಯಿತು.

ದೊಡ್ಡಮ್ಮನಿಗೆ ಇಷ್ಟೆಲ್ಲ ಹೇಳಲಿಲ್ಲ. ಅಡಿಕೆ ಮನೆಯವಳಿಗೆ ಅಡಿಕೆ ಲೆಕ್ಕವನ್ನೇ ಹೇಳಿದೆ. ಹತ್ತು ಕಿಲೋ ತೂಗುವ ಮಗು ನಿನ್ನ ಮಡಿಲಲ್ಲಿದೆ, ಕಾರು 50 ಕಿ.ಮೀ. ವೇಗದಲ್ಲಿ ಹೋಗಿ ಮರಕ್ಕೆ ಗುದ್ದಿ ಅರ್ಧ ಮೀಟರಿನೊಳಗೆ ನಿಂತಿತು ಅಂದುಕೋ. ಆ ಕ್ಷಣಕ್ಕೆ ನಿನ್ನ ಕೈಗೆ ಮಗು 200 ಕಿಲೋ ಆಗುತ್ತದೆ. 65 ಕಿಲೋದ ಅಡಿಕೆ ಚೀಲ ಮೂರು. ಹಿಡಿದುಕೊಳ್ತೀಯಾ?

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ನಾವೂ ಬನವಾಸಿ ಜಾತ್ರೆಗೆ ಗಾಡೀಲಿ ಹೋಗುವಾಗ ಕೂಸುಗಳನ್ನ ಕಟ್ಕೊಂಡು ಹಿಂದಕ್ಕೆ ಮುಖ ಮಾಡೇ ಕೂರ್ತಿದ್ವಿ" ಅಂದಳು. ಅದು ಎತ್ತು ಎಬ್ಬಿಸುವ ಧೂಳಿಗೆ ಹೆದರಿ ಇರಬಹುದು. ಆದರೂ ಆ ಹೊತ್ತಿಗೆ ಆಕೆಗೂ ಸ್ವೀಡನ್ನಿಗೂ ನಡುವಿನ ದೂರ ಕಡಿಮೆಯಾಯಿತು. ಅಲ್ಲೇ ಆಚೆ ಭೇರುಂಡೇಶ್ವರ ಕಂಬದ ಗಂಡಭೇರುಂಡ 1047ರಿಂದ ಎರಡು ತಲೆಯಲ್ಲಿ ಎರಡು ಕಡೆ ನೋಡುತ್ತಿದೆ, ನಮಗಿರುವುದು ಒಂದೇ ತಲೆ.

ತಂಗಿಯ ಮಗಳು ಸೀಟು ಕೊಳ್ಳುವಾಗ ಅಂಗಡಿಯವನು ಮೊದಲು ಬಟ್ಟೆಯ ಬಣ್ಣ ತೋರಿಸಿದನಂತೆ. ನೋಡಬೇಕಾದದ್ದು ಹಿಂಬದಿಯ ಚೀಟಿ. ನಮ್ಮ ದೇಶದ ಎಐಎಸ್-072 ಅಥವಾ ಯುರೋಪಿನ ಆರ್44, ಇಲ್ಲವೇ ಅದಕ್ಕಿಂತ ಹೊಸದಾದ ಆರ್129 ಗುರುತು ಇರಬೇಕು. ಆರ್129 ಪ್ರಕಾರ 15 ತಿಂಗಳಾಗುವ ತನಕ ಹಿಮ್ಮುಖವೇ ಕಡ್ಡಾಯ, ಆಯ್ಕೆ ಎತ್ತರದ ಮೇಲೆ. ಕಾರಿನ ಸೀಟಿನ ಬುಡದಲ್ಲಿ ಐಸೋಫಿಕ್ಸ್ ಕೊಂಡಿ ಇದ್ದರೆ ಕೂರಿಸುವ ಕೆಲಸ ಹಗುರ, ಇಲ್ಲದಿದ್ದರೆ ಬೆಲ್ಟಿನಲ್ಲೇ ಬಿಗಿಯಬಹುದು. ಹಿಮ್ಮುಖದ ಸೀಟಿನಲ್ಲಿ ಭುಜದ ಪಟ್ಟಿ ಭುಜದ ಮಟ್ಟಕ್ಕೆ ಅಥವಾ ಅದಕ್ಕೆ ತುಸು ಕೆಳಗಿನಿಂದ ಬರಬೇಕು. ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಿ ನೋಡಿ, ಮಡಿಕೆ ಸಿಕ್ಕರೆ ಅದು ಸಡಿಲ. ನಮ್ಮ ಕಡೆಯ ಚಳಿಗೆ ದಪ್ಪ ಸ್ವೆಟರ್ ಹಾಕಿ ಅದರ ಮೇಲೆ ಪಟ್ಟಿ ಬಿಗಿದರೆ ಉಪಯೋಗವಿಲ್ಲ. ಪಟ್ಟಿ ಕಟ್ಟಿ ಮೇಲೆ ಕಂಬಳಿ ಹೊದಿಸಬೇಕು. ಯಾರೋ ಕೊಟ್ಟ ಹಳೆಯ ಸೀಟು ಒಮ್ಮೆ ಅಪಘಾತ ಕಂಡಿದ್ದರೆ ಕಣ್ಣಿಗೆ ಬಿರುಕು ಕಾಣದಿದ್ದರೂ ಬೇಡ.

ಎಲ್ಲಕ್ಕಿಂತ ದೊಡ್ಡ ತಪ್ಪು ಮುಂದಿನ ಸೀಟಿನಲ್ಲಿ, ಏರ್‌ಬ್ಯಾಗ್ ಚಾಲೂ ಇರುವಾಗ ಹಿಮ್ಮುಖದ ಆಸನ ಇಡುವುದು. ಕಣ್ಣು ಮಿಟುಕಿಸುವುದರೊಳಗೆ ಸಿಡಿಯುವ ಆ ಚೀಲ ನೇರ ಮಗುವಿನ ತಲೆಯ ಹಿಂದಿನ ಚಿಪ್ಪಿಗೇ ಬಡಿಯುತ್ತದೆ. ದೊಡ್ಡವರನ್ನು ಕಾಯುವ ಸಾಧನ ಇಲ್ಲೂ ಮಗುವಿಗೆ ವೈರಿ.

ಕಾನೂನು ನಮ್ಮಲ್ಲೂ ಇದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ಬಿ ಕಲಮು 14 ವರ್ಷದೊಳಗಿನ ಮಗುವನ್ನು ಬೆಲ್ಟ್ ಅಥವಾ ಮಕ್ಕಳ ಆಸನವಿಲ್ಲದೆ ಕರೆದೊಯ್ಯುವವರಿಗೆ 1000 ರೂಪಾಯಿ ದಂಡ ಹೇಳುತ್ತದೆ. 2023ರಿಂದ ಹೊಸ ಕಾರುಗಳ ಗುದ್ದಾಟದ ಪರೀಕ್ಷೆ ನಮ್ಮ ದೇಶದಲ್ಲೇ ಭಾರತ್ ಎನ್‌ಕ್ಯಾಪ್ ಹೆಸರಿನಲ್ಲಿ ಶುರುವಾಗಿದೆ. ಅದರಲ್ಲಿ ಮಕ್ಕಳ ರಕ್ಷಣೆಗೆ ಬೇರೆಯೇ ನಕ್ಷತ್ರಗಳು. ಆದರೆ ಶಿಕಾರಿಪುರ, ಸೊರಬದ ರಸ್ತೆಗಳಲ್ಲಿ ಮಕ್ಕಳು ಹೆಚ್ಚಾಗಿ ಹೋಗುವುದು ಬೈಕಿನ ಟ್ಯಾಂಕಿನ ಮೇಲೆ, ಅಪ್ಪನ ತೋಳುಗಳ ನಡುವೆ. ಅದಕ್ಕೂ ನಿಯಮ ಬಂದಿದೆ: 2023ರ ಫೆಬ್ರವರಿಯಿಂದ ನಾಲ್ಕು ವರ್ಷದೊಳಗಿನ ಮಗುವಿಗೆ ಹೆಲ್ಮೆಟ್, ಓಡಿಸುವವರ ಮೈಗೆ ಬಿಗಿಯುವ ಪಟ್ಟಿಯ ಅಂಗಿ, ವೇಗ 40 ಕಿ.ಮೀ. ದಾಟುವಂತಿಲ್ಲ. ಶಿರಾಳಕೊಪ್ಪದ ಸಂತೆಯ ದಿನ ನಾನು ಅರ್ಧ ಗಂಟೆ ರಸ್ತೆ ಪಕ್ಕ ನಿಂತು ನೋಡಿದೆ. ಟ್ಯಾಂಕಿನ ಮೇಲೆ ಕೂತ ಮಕ್ಕಳು ಬೇಕಾದಷ್ಟು ಕಂಡರು, ಆ ಪಟ್ಟಿಯ ಅಂಗಿ ಒಂದೂ ಕಾಣಲಿಲ್ಲ.

ಸಂಜೆ ಹೊರಡುವಾಗ ದೊಡ್ಡಮ್ಮ ತಾನೂ ಶಿಕಾರಿಪುರದ ತನಕ ಬರುತ್ತೇನೆಂದು ಹಿಂದಿನ ಸೀಟಿನಲ್ಲಿ ಕೂಸಿನ ಪಕ್ಕ ಕೂತಳು. ಶಿರಾಳಕೊಪ್ಪ ದಾಟುವುದರೊಳಗೆ ಅದು ಅಳಲು ಶುರು ಮಾಡಿತು. ದೊಡ್ಡಮ್ಮನ ಕೈ ತಾನಾಗಿ ಪಟ್ಟಿಯ ಗುಂಡಿಗೆ ಹೋಯಿತು, ಹೋದದ್ದು ಅಲ್ಲೇ ನಿಂತಿತು. "ಗಾಡಿ ನಿಲ್ಸು" ಅಂದಳು. ಹಲಸಿನ ಮರದ ಕೆಳಗೆ ನಿಲ್ಲಿಸಿದೆವು. ಕೂಸು ಹಾಲು ಕುಡಿಯಿತು, ತೇಗಿತು, ಮರದ ಮೇಲಿನ ಮಂಗವನ್ನು ನೋಡಿತು. ಮತ್ತೆ ಆಸನದಲ್ಲಿಟ್ಟು ಪಟ್ಟಿ ಬಿಗಿದವಳು ದೊಡ್ಡಮ್ಮನೇ. ಬಿಗಿದ ಮೇಲೆ ಭುಜದ ಹತ್ತಿರ ಎರಡು ಬೆರಳಲ್ಲಿ ಚಿವುಟಿ ನೋಡಿದಳು.