ಚಿತ್ರವನ್ನು ಮುಟ್ಟಿಯೂ ನೋಡಬಹುದು!

ಕನ್ನಡದಲ್ಲಿ ‘ನೋಡು’ ಎಂಬ ಪದ ಕಣ್ಣಿಗಷ್ಟೇ ಮೀಸಲಲ್ಲ. ಸಾರಿನ ರುಚಿ ನೋಡುತ್ತೇವೆ. ಹೂವನ್ನು ಮೂಸಿ ನೋಡುತ್ತೇವೆ. ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುತ್ತೇವೆ. ಆದರೆ ಚಿತ್ರಕಲಾ ಪ್ರದರ್ಶನಕ್ಕೆ ಹೋದರೆ ಎದುರಾಗುವುದು ‘ಮುಟ್ಟಬೇಡಿ’ ಎಂಬ ಫಲಕ. ಕಣ್ಣು ಕಾಣದ ಮಗುವೊಂದು ಗೆಳೆಯರೊಂದಿಗೆ ಅಲ್ಲಿಗೆ ಬಂದರೆ ನೋಡುವುದಾದರೂ ಏನನ್ನು?

ಸ್ಪೇನಿನ ಮ್ಯಾಡ್ರಿಡ್ ನಗರದ ಪ್ರಾಡೊ ವಸ್ತುಸಂಗ್ರಹಾಲಯ 2015ರಲ್ಲಿ ಇದಕ್ಕೊಂದು ಉತ್ತರ ಕಂಡುಕೊಂಡಿತು. ತನ್ನಲ್ಲಿರುವ ಆರು ವರ್ಣಚಿತ್ರಗಳ ಉಬ್ಬು ಪ್ರತಿಗಳನ್ನು ಮಾಡಿಸಿ, ಬೆರಳಾಡಿಸಿ ನೋಡಲು ಜನರನ್ನು ಆಹ್ವಾನಿಸಿತು. ಜೊತೆಗೆ ಬ್ರೈಲ್ ಬರಹ, ಧ್ವನಿ ವಿವರಣೆ. ಕಣ್ಣಿದ್ದವರೂ ಆ ಅನುಭವ ಪಡೆಯಲೆಂದು ಕಣ್ಣು ಮರೆಮಾಡುವ ಕನ್ನಡಕಗಳನ್ನೂ ಇಟ್ಟಿತ್ತು! ಅದೇ ವರ್ಷದ ಡಿಸೆಂಬರ್‌ನಲ್ಲಿ ನಮ್ಮ ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯವೂ ‘ಅನುಭವ್’ ಎಂಬ ಸ್ಪರ್ಶ ಗ್ಯಾಲರಿಯನ್ನು ತೆರೆಯಿತು. ಅಲ್ಲಿದ್ದುದು ಮುಟ್ಟಿ ತಿಳಿಯಬಹುದಾದ 22 ಪ್ರತಿಕೃತಿಗಳು.

ಇದೆಲ್ಲ ದೊಡ್ಡ ಸಂಸ್ಥೆಗಳ ಮಾತಾಯಿತು, ನಮ್ಮ ಶಾಲೆಯಲ್ಲಿ ಹೇಗೆ ಸಾಧ್ಯ ಎನ್ನುವಿರಾ? ಖಂಡಿತ ಸಾಧ್ಯ. ಚಿತ್ರದ ಗೆರೆಗಳ ಮೇಲೆ ಅಂಟು ಹಚ್ಚಿ ದಪ್ಪ ದಾರ ಕೂರಿಸಿ. ಹೊಲಕ್ಕೆ ರಾಗಿಕಾಳು, ಮೋಡಕ್ಕೆ ಹತ್ತಿ, ಸೀರೆಗೆ ಬಟ್ಟೆಯ ತುಂಡು ಅಂಟಿಸಿ. ಉಬ್ಬುಚಿತ್ರ ಸಿದ್ಧ! ಪಕ್ಕದಲ್ಲೊಬ್ಬ ವಿದ್ಯಾರ್ಥಿ ನಿಂತು ಚಿತ್ರದಲ್ಲಿ ಏನೇನು ಎಲ್ಲೆಲ್ಲಿದೆ ಎಂದು ವಿವರಿಸಲಿ.

ಕಣ್ಣು ಕಾಣದವರಷ್ಟೇ ಅಲ್ಲ, ಇನ್ನೂ ಹಲವರಿದ್ದಾರೆ. ಗಾಲಿಕುರ್ಚಿಯಲ್ಲಿ ಬರುವ ಮಗುವಿಗೆ ಮಹಡಿಯ ಕೋಣೆ ಎಟುಕದು, ಪ್ರದರ್ಶನ ನೆಲಮಹಡಿಯಲ್ಲಿರಲಿ. ಮೆಟ್ಟಿಲಿದ್ದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ಚಿತ್ರಗಳನ್ನು ಕುಳಿತವರ ಕಣ್ಣಿಗೂ ಸಿಗುವಷ್ಟು ಕೆಳಗೆ ತೂಗುಹಾಕಿ. ಕಿವಿ ಕೇಳದವರಿಗಾಗಿ ವಿವರಣೆಯನ್ನು ಬರೆದಿಡಿ, ಅಕ್ಷರಗಳು ದಪ್ಪಗಿರಲಿ. ಗದ್ದಲಕ್ಕೆ ಬೆದರುವ ಮಕ್ಕಳಿಗಾಗಿ ಒಂದು ಗಂಟೆ ಮೈಕು, ಸಂಗೀತ ನಿಲ್ಲಿಸಿ. ಇಳಿಜಾರು ಮೊಮ್ಮಗಳ ಚಿತ್ರ ನೋಡಲು ಬಂದ ಅಜ್ಜಿಯ ಮಂಡಿಗೂ ಹಿತ, ದಪ್ಪಕ್ಷರ ತಾತನ ಕಣ್ಣಿಗೂ ಹಿತ.

ಇದು ಕರುಣೆಯ ಮಾತಲ್ಲ. ಕಲೆ, ಸಂಸ್ಕೃತಿಗಳಲ್ಲಿ ಸಮಾನವಾಗಿ ಪಾಲ್ಗೊಳ್ಳುವುದನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹಕ್ಕೆಂದೇ ಗುರುತಿಸಿದೆ. ಅಷ್ಟೇ ಅಲ್ಲ, ಕಣ್ಣಿಲ್ಲದವರು ಬರೀ ಪ್ರೇಕ್ಷಕರಾಗಿಯೇ ಉಳಿಯಬೇಕಿಲ್ಲ. ಶಾಂತಿನಿಕೇತನದ ಹೆಸರಾಂತ ಕಲಾವಿದ ಬಿನೋದ್ ಬಿಹಾರಿ ಮುಖರ್ಜಿ 1950ರ ದಶಕದಲ್ಲಿ ಪೂರ್ತಿ ದೃಷ್ಟಿ ಕಳೆದುಕೊಂಡರು. ಕಲೆಯನ್ನು ಬಿಟ್ಟರೇ? ಇಲ್ಲ! ಕಾಗದ ಕತ್ತರಿಸಿ ಅಂಟಿಸಿ ಚಿತ್ರ ಮಾಡಿದರು, ಶಿಲ್ಪ ರೂಪಿಸಿದರು, ಭಿತ್ತಿಚಿತ್ರವನ್ನೂ ರಚಿಸಿದರು. ಸತ್ಯಜಿತ್ ರೇ 1972ರಲ್ಲಿ ಅವರ ಬಗ್ಗೆ ಸಾಕ್ಷ್ಯಚಿತ್ರವನ್ನೇ ತೆಗೆದರು.

ವಿದ್ಯಾರ್ಥಿಗಳೇ, ಮುಂದಿನ ಪ್ರದರ್ಶನದ ಸಿದ್ಧತೆಗೆ ಕೂತಾಗ ಮೊದಲ ದಿನವೇ ಅಂಥ ಗೆಳೆಯರನ್ನು ಕರೆದು ‘ನಿನಗೆ ಏನು ಬೇಕು?’ ಎಂದು ಕೇಳಿ. ಎಲ್ಲ ಮುಗಿದ ಮೇಲೆ ಕೇಳಿದರೆ ಅದು ಬರೀ ಉಪಚಾರದ ಮಾತಾದೀತು. ಪಾಲಕರೇ, ಅವರ ಕೈಯಿಂದಾದ ಒಂದು ಕೃತಿಯೂ ಆ ಗೋಡೆಯ ಮೇಲಿದೆಯೇ ಎಂದು ನೀವೂ ಒಮ್ಮೆ ವಿಚಾರಿಸಿ ನೋಡಿ.